ರೋಗಿಯ ಕಥೆ ಸುದ್ದಿಯಾದಾಗ: ಪತ್ರಿಕೆ ಹೇಳುವುದೆಷ್ಟು, ಬಿಡುವುದೆಷ್ಟು?

ರಾಯದುರ್ಗ/ಮಡಕಶಿರ: ಜಿಲ್ಲಾ ಪುಟ ಬಿಡಿಸಿದರೆ ವಾರಕ್ಕೊಮ್ಮೆಯಾದರೂ ಅಂಥದೊಂದು ಸುದ್ದಿ ಕಣ್ಣಿಗೆ ಬೀಳುತ್ತದೆ. ಮಂಚದ ಮೇಲೆ ಮಲಗಿದ ಮಗು, ಪಕ್ಕದಲ್ಲಿ ಸೆರಗು ಬಾಯಿಗೆ ಹಿಡಿದ ತಾಯಿ, ಕೆಳಗೆ ಬ್ಯಾಂಕ್ ಖಾತೆ ಸಂಖ್ಯೆ. ತಲೆಬರಹ ಮೊದಲೇ ಅಚ್ಚು ಮಾಡಿಟ್ಟಂತೆ ಒಂದೇ: ದಾನಿಗಳ ನೆರವಿಗೆ ಮೊರೆ. ಅದೇ ಪತ್ರಿಕೆಯ ಇನ್ನೊಂದು ಪುಟದಲ್ಲಿ ಶಾಸಕರೋ ಸಚಿವರೋ ಮುಖ್ಯಮಂತ್ರಿ ಪರಿಹಾರ ನಿಧಿಯ ಚೆಕ್ ಕೊಡುತ್ತಿರುವ ಫೋಟೋ. ಈ ಎರಡು ಫೋಟೋಗಳ ನಡುವೆ ಸರ್ಕಾರದ ಆರೋಗ್ಯ ನೀತಿ ಎಂಬುದೊಂದು ಇದೆ. ಅದು ಮಾತ್ರ ಓದುಗರಿಗೆ ಕಾಣುವುದು ಅಪರೂಪ.

ಆರೋಗ್ಯ ನೀತಿ ಓದಲು ಸುಲಭದ ವಿಷಯವಲ್ಲ. ಸರ್ಕಾರಿ ಆದೇಶ, ಚಿಕಿತ್ಸೆಗಳ ಪಟ್ಟಿ, ಒಂದೊಂದು ಆಪರೇಷನ್‌ಗೂ ನಿಗದಿಯಾದ ದರ, ನೆಟ್‌ವರ್ಕ್ ಆಸ್ಪತ್ರೆ, ಮುಂಗಡ ಅನುಮತಿ ಇವನ್ನೆಲ್ಲ ಹಾಗೇ ಅಚ್ಚು ಹಾಕಿದರೆ ಎರಡನೇ ಸಾಲಿಗೇ ಓದುಗ ಪುಟ ತಿರುವುತ್ತಾನೆ. ಆದ್ದರಿಂದ ಪತ್ರಿಕೆಗಳು ಒಬ್ಬ ಮನುಷ್ಯನನ್ನು ಮುಂದೆ ನಿಲ್ಲಿಸಿ ಅವನ ಮೂಲಕ ನೀತಿಯನ್ನು ಹೇಳುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮುಂದೆ ನಿಲ್ಲಿಸುವುದು ಯಾರನ್ನು, ಅವರ ಹಿಂದೆ ಮರೆಯಾಗುವವರು ಯಾರು ಎಂಬುದನ್ನು ನೋಡಬೇಕಾಗುತ್ತದೆ.

ಶುರುವಾದದ್ದು ಇದೇ ಜಿಲ್ಲೆಯಲ್ಲಿ

ಅನಂತಪುರದವರಿಗೆ ಈ ವಿಷಯದಲ್ಲಿ ಒಂದು ವಿಶೇಷವಿದೆ. ರಾಜೀವ್ ಆರೋಗ್ಯಶ್ರೀ ಯೋಜನೆ 2007ರ ಏಪ್ರಿಲ್ 1ರಂದು ಮೊದಲು ಜಾರಿಗೆ ಬಂದದ್ದು ಮೂರೇ ಜಿಲ್ಲೆಗಳಲ್ಲಿ. ಅನಂತಪುರ, ಮಹಬೂಬ್‌ನಗರ ಮತ್ತು ಶ್ರೀಕಾಕುಳಂ. ಬಿಳಿ ರೇಷನ್ ಕಾರ್ಡು ಇದ್ದ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಬೇಕಾದರೆ ಮೇಲೆ ಇನ್ನೂ 50 ಸಾವಿರ ರೂಪಾಯಿವರೆಗೆ ದೊಡ್ಡ ಚಿಕಿತ್ಸೆ ಉಚಿತ. 2008ರಲ್ಲಿ ಅದು ಇಡೀ ರಾಜ್ಯಕ್ಕೆ ಹರಡಿತು.

ಈ ಯೋಜನೆ ಹುಟ್ಟಿದ ರೀತಿಯೇ ಒಬ್ಬೊಬ್ಬರ ಕಥೆಗಳ ರಾಶಿಯಿಂದ. ಆಗಿನ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಸ್ವತಃ ಡಾಕ್ಟರು, ಓದಿದ್ದು ನಮ್ಮ ಗುಲ್ಬರ್ಗದ ಎಂ.ಆರ್. ಮೆಡಿಕಲ್ ಕಾಲೇಜಿನಲ್ಲಿ. 2004ರ ಮೇ ತಿಂಗಳಲ್ಲಿ ಅವರು ಅಧಿಕಾರಕ್ಕೆ ಬಂದ ಮೇಲೆ ಪರಿಹಾರ ನಿಧಿಗೆ ಆಸ್ಪತ್ರೆ ಖರ್ಚಿನ ಅರ್ಜಿಗಳು ಹರಿದು ಬಂದವು. 2007ರ ಜೂನ್‌ವರೆಗೆ ಸುಮಾರು 55 ಸಾವಿರ ಪ್ರಕರಣಗಳಿಗೆ ಸುಮಾರು 168 ಕೋಟಿ ರೂಪಾಯಿ ಕೊಡಲಾಯಿತೆಂದು ಯೋಜನೆಯ ಟ್ರಸ್ಟೇ ಹೇಳಿಕೊಂಡಿದೆ. ಭಾಗಿಸಿ ನೋಡಿದರೆ ತಲಾ 30 ಸಾವಿರದ ಆಸುಪಾಸು. ಒಬ್ಬೊಬ್ಬರೂ ಅರ್ಜಿ ಹಿಡಿದು ನಾಯಕರ ಮನೆ ಬಾಗಿಲಿಗೆ ಹೋಗುವ ಬದಲು ಕಾರ್ಡು ತೋರಿಸಿದರೆ ಚಿಕಿತ್ಸೆ ಸಿಗಲಿ ಎಂಬುದು ಯೋಜನೆಯ ಹಿಂದಿನ ವಾದ. ಬೇಡುವುದು ಹೋಗಿ ಹಕ್ಕು ಬರಬೇಕಿತ್ತು.

ಬಂತೇ? ಅರ್ಧ ಬಂತು. ಗುಂಡಿಗೆ ಆಪರೇಷನ್ ಆದ ಮಕ್ಕಳು ಓಡಾಡಿದ್ದು ನಿಜ, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಬಡವರು ಹಳ್ಳಿಹಳ್ಳಿಯಲ್ಲೂ ಸಿಕ್ಕರು. ಆ ಮುಖಗಳು ಪತ್ರಿಕೆಯಲ್ಲಿ, ಟಿವಿಯಲ್ಲಿ, 2009ರ ಚುನಾವಣಾ ಪ್ರಚಾರದಲ್ಲಿ ಎಲ್ಲೆಲ್ಲೂ ಇದ್ದವು. ಆದರೆ ಗುಣವಾದ ಒಬ್ಬರ ಮುಖ ನೋಡಿ ಯೋಜನೆಯ ಲೆಕ್ಕ ಹೇಳಲಾಗದು. ಶುಕ್ಲ, ವೀಣಾ ಶತ್ರುಘ್ನ ಮತ್ತು ಶ್ರೀವತ್ಸನ್ ಎಂಬ ಮೂವರು 2011ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಆ ಲೆಕ್ಕ ತೆಗೆದರು. ರಾಜ್ಯದ ಆರೋಗ್ಯ ಬಜೆಟ್ಟಿನ ಶೇ. 25ರಷ್ಟು ಹಣ ತಿನ್ನುವ ಯೋಜನೆ ಜನರ ಒಟ್ಟು ರೋಗಭಾರದಲ್ಲಿ ಶೇ. 2ರಷ್ಟನ್ನು ಮಾತ್ರ ಮುಟ್ಟುತ್ತದೆ ಎಂದು ಅವರು ಬರೆದರು. ಉಳಿದ 98 ಪಾಲು? ಅದು ಜ್ವರ, ಕ್ಷಯ, ರಕ್ತಹೀನತೆ, ಬಿ.ಪಿ., ಸಕ್ಕರೆ, ಹಾವು ಕಡಿತ. ಅಂದರೆ ಕಣೇಕಲ್ಲಿನ, ಅಮರಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ದಿನಾ ಬರುವ ರೋಗಗಳು. ಇವಕ್ಕೆ ಫೋಟೋ ಇಲ್ಲ. ರಕ್ತಹೀನತೆ ಇರುವ ಬಸುರಿ ಹೆಂಗಸು ಎಲ್ಲರ ಹಾಗೇ ಕಾಣುತ್ತಾಳೆ, ಕ್ಯಾಮೆರಾಕ್ಕೆ ಅವಳಲ್ಲಿ ಏನೂ ಸಿಗುವುದಿಲ್ಲ.

ಇನ್ನೊಂದು ಸಂಗತಿಯೂ ಒಬ್ಬರ ಕಥೆಯಲ್ಲಿ ಕಾಣಲಾರದಂಥದ್ದು. ಆರೋಗ್ಯಶ್ರೀಯಲ್ಲಿ ಗರ್ಭಕೋಶ ತೆಗೆಯುವ ಆಪರೇಷನ್‌ಗೂ ದರ ನಿಗದಿಯಾಗಿತ್ತು. ಮಾಡಿಸಿಕೊಂಡ ಒಬ್ಬ ಹೆಂಗಸನ್ನು ಕೇಳಿದರೆ "ಹೊಟ್ಟೆನೋವು ಹೋಯಿತು, ಒಂದು ಪೈಸೆ ಖರ್ಚಾಗಲಿಲ್ಲ" ಎಂದೇ ಹೇಳಿಯಾಳು. ಇಷ್ಟೊಂದು ಜನರಿಗೆ, ಅದೂ ಇಷ್ಟು ಸಣ್ಣ ವಯಸ್ಸಿಗೆ ಯಾಕೆ ಎಂಬ ಪ್ರಶ್ನೆ ಎದ್ದದ್ದು ಒಟ್ಟು ಲೆಕ್ಕ ಮಾಡಿದಾಗ. ಕೊನೆಗೆ ಸರ್ಕಾರ ಆ ಆಪರೇಷನ್ನನ್ನು ಖಾಸಗಿ ಆಸ್ಪತ್ರೆಗಳ ಪಟ್ಟಿಯಿಂದ ತೆಗೆದು ಸರ್ಕಾರಿ ಆಸ್ಪತ್ರೆಗಳಿಗೆ ಸೀಮಿತಗೊಳಿಸಿತು.

ಎರಡು ಪತ್ರಿಕೆ, ಎರಡು ರೋಗಿ

ತೆಲುಗು ಪತ್ರಿಕೆಗಳಲ್ಲಿ ಸ್ಥಳೀಯ ಕಥೆಗಳಿಗೆ ಜಾಗ ಸಿಕ್ಕಿದ್ದಕ್ಕೆ ಒಂದು ವ್ಯಾಪಾರದ ಕಾರಣವಿದೆ. ‘ಈನಾಡು’ 1989ರಲ್ಲಿ ಪ್ರತಿ ಜಿಲ್ಲೆಗೂ ಪ್ರತ್ಯೇಕ ಟ್ಯಾಬ್ಲಾಯ್ಡ್ ಶುರು ಮಾಡಿತು. ಊರ ಸುದ್ದಿ ಬಂದರೆ ಊರವರು ಕೊಳ್ಳುತ್ತಾರೆ, ಊರ ಅಂಗಡಿಯವರು ಜಾಹೀರಾತು ಕೊಡುತ್ತಾರೆ. ಆ ಪುಟಗಳನ್ನು ದಿನಾ ತುಂಬಿಸಬೇಕು. ತುಂಬಿಸುವವರು ಮಂಡಲ ಮಟ್ಟದ ಅರೆಕಾಲಿಕ ವರದಿಗಾರರು. ಸರಿಯಾದ ಸಂಬಳವಿಲ್ಲದ ಅವರಿಗೆ ಒಂದು ತಿಂಗಳು ತಿರುಗಿ ಅಂಕಿಅಂಶ ಕಲೆಹಾಕಿ ಎಂದು ಹೇಳುವ ಧೈರ್ಯ ಯಾವ ಸಂಪಾದಕರಿಗೂ ಬರಲಾರದು. ಒಂದು ಮನೆಗೆ ಹೋಗಿ ಅರ್ಧ ಗಂಟೆಯಲ್ಲಿ ಕಥೆ, ಫೋಟೋ ಎರಡೂ ತರಬಹುದು. ಒಬ್ಬರ ಕಥೆ ಅಷ್ಟೊಂದು ಬರುವುದಕ್ಕೆ ಕರುಣೆ ಎಷ್ಟು ಕಾರಣವೋ ಕಡಿಮೆ ಖರ್ಚೂ ಅಷ್ಟೇ ಕಾರಣ.

2008ರ ಮಾರ್ಚ್ 24ರಂದು ರಾಜಶೇಖರ ರೆಡ್ಡಿಯವರ ಮಗ ಜಗನ್ ಅವರ ‘ಸಾಕ್ಷಿ’ ಬಂತು. ಅಲ್ಲಿಂದ ರಾಜಕೀಯವೂ ಬಹಿರಂಗವಾಗಿ ಸೇರಿಕೊಂಡಿತು. ಒಂದೇ ಯೋಜನೆ, ಒಂದೇ ಜಿಲ್ಲೆ. ಒಂದು ಪತ್ರಿಕೆಯಲ್ಲಿ ಗುಣವಾಗಿ ಮನೆಗೆ ಬಂದವನು, ಇನ್ನೊಂದರಲ್ಲಿ ಕೌಂಟರಿನಿಂದ ವಾಪಸಾದವನು. ಸರ್ಕಾರ ಬದಲಾದರೆ ಇಬ್ಬರೂ ಪತ್ರಿಕೆ ಅದಲುಬದಲು ಮಾಡಿಕೊಳ್ಳುತ್ತಾರೆ! ಇಬ್ಬರೂ ನಿಜವಾದ ಮನುಷ್ಯರೇ, ಇಬ್ಬರ ಕಥೆಯೂ ನಿಜವೇ. ಎರಡನ್ನೂ ಓದಿದವನಿಗೆ ಮಾತ್ರ ಯೋಜನೆ ಹೇಗೆ ನಡೆಯುತ್ತಿದೆ ಎಂಬುದು ತಿಳಿಯುವುದಿಲ್ಲ.

ಹೆಸರಿನ ವಿಷಯದಲ್ಲೂ ಹೀಗೇ ಆಯಿತು. ತೆಲುಗು ದೇಶಂ ಕಾಲದಲ್ಲಿ ಎನ್‌ಟಿಆರ್ ವೈದ್ಯಸೇವೆ, 2019ರ ನಂತರ ವೈಎಸ್ಸಾರ್ ಆರೋಗ್ಯಶ್ರೀ, 2024ರಲ್ಲಿ ಮತ್ತೆ ಡಾ. ಎನ್‌ಟಿಆರ್ ವೈದ್ಯಸೇವೆ. ಹಳ್ಳಿಯವರು ಇವತ್ತಿಗೂ ಆರೋಗ್ಯಶ್ರೀ ಎಂದೇ ಅನ್ನುತ್ತಾರೆ. ಕೌಂಟರಿನಿಂದ ರೋಗಿ ವಾಪಸಾಗುವುದಕ್ಕೆ ನಿಜವಾದ ಕಾರಣ ಬಹಳ ಸಲ ಬೇರೆ ಇರುತ್ತದೆ. ಸರ್ಕಾರ ಆಸ್ಪತ್ರೆಗಳಿಗೆ ಕೊಡಬೇಕಾದ ಬಾಕಿ ಬೆಳೆದು ಖಾಸಗಿ ಆಸ್ಪತ್ರೆಗಳು ಸೇವೆ ನಿಲ್ಲಿಸುವ ಮಾತು ಯಾವ ಪಕ್ಷದ ಆಳ್ವಿಕೆಯಲ್ಲೂ ಬಂದಿದೆ. 2024ರಲ್ಲೂ ಬಂತು, 2025ರಲ್ಲೂ ಬಂತು. ಬಾಕಿ ಬಿಲ್ಲಿನ ಸುದ್ದಿ ವಾಣಿಜ್ಯ ಪುಟಕ್ಕೆ, ವಾಪಸಾದ ರೋಗಿಯ ಸುದ್ದಿ ಜಿಲ್ಲಾ ಪುಟಕ್ಕೆ ಹೋದರೆ ಒಂದಕ್ಕೊಂದು ಸಂಬಂಧ ಓದುಗನೇ ಹುಡುಕಿಕೊಳ್ಳಬೇಕು.

ಹೊರಗಿನ ಅನುಭವ

ಇದು ಆಂಧ್ರದ ಕಾಯಿಲೆ ಮಾತ್ರವಲ್ಲ. ಅಮೆರಿಕದಲ್ಲಿ ನೆಲೆಸಿದ ರಾಜ್ಯಶಾಸ್ತ್ರಜ್ಞ ಶಾಂತೋ ಅಯ್ಯಂಗಾರ್ 1991ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಟಿವಿ ಸುದ್ದಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ವಿವರಿಸಿದ್ದಾರೆ. ಬಡತನದ ಬಗ್ಗೆ ಒಬ್ಬ ವ್ಯಕ್ತಿಯ ಕಥೆಯನ್ನಷ್ಟೇ ನೋಡಿದವರು ಅದಕ್ಕೆ ಆ ವ್ಯಕ್ತಿಯೇ ಕಾರಣ ಎಂದುಕೊಳ್ಳುವುದು ಹೆಚ್ಚು. ಹಿನ್ನೆಲೆ, ಅಂಕಿಅಂಶ ಸೇರಿಸಿ ಹೇಳಿದ ಸುದ್ದಿ ನೋಡಿದವರು ಸರ್ಕಾರ, ಸಮಾಜದ ಹೊಣೆಯನ್ನು ನೆನೆಯುತ್ತಾರೆ. ಸರ್ಕಾರವನ್ನು ಎಚ್ಚರಿಸಲೆಂದು ಬರೆದ ಕಥೆಯೇ ಸರ್ಕಾರವನ್ನು ಮರೆಸಬಹುದು ಎಂದಾಯಿತು. ನಮ್ಮಲ್ಲಿ ಇದಕ್ಕೆ ಪ್ರಯೋಗ ಬೇಕಿಲ್ಲ. ಇಂಥ ಸುದ್ದಿ ಓದಿದವರ ಬಾಯಲ್ಲಿ "ಮೊದಲೇ ತೋರಿಸಬೇಕಿತ್ತು", "ಕುಡಿತ ಬಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ" ಎಂಬ ಮಾತು ಬರುವುದನ್ನು ಯಾವ ಹೋಟೆಲಿನಲ್ಲಾದರೂ ಕೇಳಬಹುದು.

ಬ್ರಿಟನ್ನಿನಲ್ಲಿ 1992ರ ಚುನಾವಣೆಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಕಿವಿಯ ಆಪರೇಷನ್‌ಗಾಗಿ ಸರ್ಕಾರಿ ಆಸ್ಪತ್ರೆಯ ಸರತಿಯಲ್ಲಿ ಕಾಯುವ ಹುಡುಗಿ ಮತ್ತು ದುಡ್ಡು ಕೊಟ್ಟು ತಕ್ಷಣ ಮಾಡಿಸಿಕೊಳ್ಳುವ ಹುಡುಗಿ, ಈ ಇಬ್ಬರನ್ನು ತೋರಿಸಿ ಲೇಬರ್ ಪಕ್ಷ ಮಾರ್ಚ್‌ನಲ್ಲಿ ಟಿವಿ ಪ್ರಚಾರ ಚಿತ್ರ ಮಾಡಿತು. ಅದಕ್ಕೆ ಆಧಾರವಾದ ಹುಡುಗಿ ಯಾರೆಂಬುದು ಪತ್ರಿಕೆಗಳಿಗೆ ಸಿಕ್ಕಿತು. ಆಮೇಲೆ ಹೆಸರು ಸೋರಿದ್ದು ಹೇಗೆ, ಹುಡುಗಿಯ ತಂದೆ ಯಾವ ಪಕ್ಷ, ತಾಯಿ ಯಾವ ಪಕ್ಷ ಎಂಬುದೇ ದಿನಗಟ್ಟಲೆ ಸುದ್ದಿ. ಸರತಿಯಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಎಂಬ ಮೂಲ ಪ್ರಶ್ನೆ ಎಲ್ಲಿಗೋ ಹೋಯಿತು. ಚುನಾವಣೆಯಲ್ಲಿ ಲೇಬರ್ ಸೋತಿತು. ಒಬ್ಬರ ಮೇಲೆ ಇಡೀ ವಾದ ಹೊರಿಸಿದರೆ ಎದುರಾಳಿ ಆ ಒಬ್ಬರನ್ನು ಅಲುಗಾಡಿಸಿದರೆ ಸಾಕು.

ಗಡಿಯಲ್ಲಿ ಕಳೆದುಹೋಗುವ ರೋಗಿ

ರಾಯದುರ್ಗದವರಿಗೆ ದೊಡ್ಡಾಸ್ಪತ್ರೆ ಎಂದರೆ ಅನಂತಪುರಕ್ಕಿಂತ ಹತ್ತಿರದ ಬಳ್ಳಾರಿ. ಮೂರು ಕಡೆ ಕರ್ನಾಟಕವೇ ಸುತ್ತಿಕೊಂಡಿರುವ ಮಡಕಶಿರದವರು ಹಿಂದೂಪುರಕ್ಕೂ ಹೋಗುತ್ತಾರೆ, ಶಿರಾ, ತುಮಕೂರು, ಬೆಂಗಳೂರಿಗೂ ಹೋಗುತ್ತಾರೆ. ಮನೆಮಾತು ಕನ್ನಡ, ಕಾರ್ಡು ಆಂಧ್ರದ್ದು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮೇಲೆ ಅನಂತಪುರದ ಕಚೇರಿಗೆ ಹೋಗುತ್ತಿದ್ದವರು ಪುಟ್ಟಪರ್ತಿಗೆ ಹೋಗಬೇಕಾಯಿತು.

ಬೆಂಗಳೂರು, ಚೆನ್ನೈ, ಹೈದರಾಬಾದಿನ 130 ಆಸ್ಪತ್ರೆಗಳಲ್ಲಿ 716 ಚಿಕಿತ್ಸೆಗಳಿಗೆ ಆಂಧ್ರದ ಕಾರ್ಡು ನಡೆಯುತ್ತದೆ ಎಂಬ ಆದೇಶ ಬಂದದ್ದು 2019ರ ನವೆಂಬರಿನಲ್ಲಿ. ಯೋಜನೆ ಶುರುವಾಗಿ 12 ವರ್ಷಗಳ ಮೇಲೆ! ಗಡಿ ದಾಟಿ ಹೋಗಿ ಸಾಲ ಮಾಡಿ ಚಿಕಿತ್ಸೆ ಪಡೆದವರ ಕಥೆ ಆ ವರ್ಷಗಳಲ್ಲಿ ಬೇಕಾದಷ್ಟಿತ್ತು. ಆದರೆ ತೆಲುಗು ಪತ್ರಿಕೆಯ ಜಿಲ್ಲಾ ಪುಟ ರಾಜ್ಯದ ಗಡಿಗೆ ನಿಲ್ಲುತ್ತದೆ. ಕನ್ನಡ ಪತ್ರಿಕೆಯ ಬಳ್ಳಾರಿ ಆವೃತ್ತಿಗೆ, ತುಮಕೂರು ಆವೃತ್ತಿಗೆ ಇವರು ಪಕ್ಕದ ರಾಜ್ಯದವರು. ನೀತಿಯ ಬಿರುಕು ಎಲ್ಲಿದೆಯೋ ಅಲ್ಲೇ ಪತ್ರಿಕೆಯ ಪುಟವೂ ಮುಗಿಯುತ್ತದೆ.

ಗಡಿಯನ್ನೇ ಉಪಯೋಗಿಸಿಕೊಂಡು ಸತ್ಯ ತಿಳಿದವರೂ ಇದ್ದಾರೆ. ಕರ್ನಾಟಕ ಸರ್ಕಾರ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಗುಲ್ಬರ್ಗ ವಿಭಾಗದಲ್ಲಿ ತಂದಿತು. ಯೋಜನೆ ಇದ್ದ ಜಾಗ ಮತ್ತು ಇಲ್ಲದ ಜಾಗದ ನಡುವಿನ ಗೆರೆಯ ಆಚೀಚೆ 572 ಹಳ್ಳಿಗಳಲ್ಲಿ 60 ಸಾವಿರಕ್ಕೂ ಹೆಚ್ಚು ಮನೆಗಳನ್ನು ಸಮೀಕ್ಷೆ ಮಾಡಿದ ಸಂಶೋಧಕರು 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಯಡಿ ಬರುವ ರೋಗಗಳಿಂದ ಬಡ ಕುಟುಂಬಗಳಲ್ಲಾದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಯೋಜನೆಯ ಪರವಾಗಿ ಇದಕ್ಕಿಂತ ಬಲವಾದ ಮಾತು ಬೇಕೇ? ಈ ಒಂದು ಸಾಲಿನ ಸುದ್ದಿಗೆ ಸಿಕ್ಕ ಜಾಗ ಮಾತ್ರ ಒಂದು ಚೆಕ್ ವಿತರಣೆಯ ಫೋಟೋಗೆ ಸಿಗುವಷ್ಟೂ ಇಲ್ಲ.

ಬಳ್ಳಾರಿ ಬಾಣಂತಿಯರು

ಒಬ್ಬರ ಕಥೆ ಸರಿಯಾದ ಕೆಲಸ ಮಾಡಿದ ಉದಾಹರಣೆಯೂ ಹತ್ತಿರದಲ್ಲೇ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು. ಮೊದಲ ದಿನಗಳ ಸುದ್ದಿ ಎಂದಿನ ಹಾಗೇ ಇತ್ತು: ತಾಯಿಯಿಲ್ಲದ ಹಸುಗೂಸು, ಆಸ್ಪತ್ರೆ ಮುಂದೆ ಬಂಧುಗಳ ಪ್ರತಿಭಟನೆ, ವೈದ್ಯರ ನಿರ್ಲಕ್ಷ್ಯದ ಆರೋಪ. ಅಲ್ಲಿಗೇ ನಿಂತಿದ್ದರೆ ಒಬ್ಬಿಬ್ಬರು ವೈದ್ಯರ ವರ್ಗಾವಣೆಯಾಗಿ ಮುಗಿಯುತ್ತಿತ್ತು.

ಆದರೆ ಇಷ್ಟು ಸಾವುಗಳಿಗೆ ಸಮಾನವಾದದ್ದೇನು ಎಂಬ ಪ್ರಶ್ನೆ ಎದ್ದಿತು. ಎಲ್ಲರಿಗೂ ಏರಿಸಿದ ಡ್ರಿಪ್, ಅಂದರೆ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಹೋಯಿತು. ಪಶ್ಚಿಮ ಬಂಗಾಳದ ಕಂಪನಿಯೊಂದರಿಂದ ಅದು ಬಂದದ್ದು ಹೇಗೆ, ಗುಣಮಟ್ಟದ ಪರೀಕ್ಷೆ ಏನಾಯಿತು, ಖರೀದಿ ಮಾಡಿದ ನಿಗಮ ಏನು ಮಾಡಿತು ಎಂದು ಕಥೆ ಬೆಳೆಯಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಆದ 464 ತಾಯಂದಿರ ಸಾವುಗಳ ಪರಿಶೀಲನೆ ನಡೆದು, ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂಬ ವರದಿ 2025ರಲ್ಲಿ ಬಂತು. ಐದು ಮನೆಗಳ ದುಃಖದಿಂದ ಹೊರಟ ಸುದ್ದಿ 464 ಮನೆಗಳ ಲೆಕ್ಕಕ್ಕೆ ಮುಟ್ಟಿತು.

ಕಾಸರಗೋಡಿನ ಕರು

ಇದೇ ದಾರಿಯನ್ನು ಬಹಳ ಹಿಂದೆ ಒಬ್ಬ ಕನ್ನಡ ಪತ್ರಕರ್ತ ತುಳಿದಿದ್ದರು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ತಮ್ಮ ಊರಿನಲ್ಲಿ ಕಾಲು ಸೊಟ್ಟಗಿರುವ ಕರುಗಳು ಹುಟ್ಟುತ್ತಿರುವುದನ್ನು ನೋಡಿ ಶ್ರೀ ಪಡ್ರೆಯವರು 1981ರಷ್ಟು ಹಿಂದೆಯೇ ಬರೆದರು. ಆಗ ಯಾರೂ ಕಿವಿಗೊಡಲಿಲ್ಲ. ಅದೇ ಸುತ್ತಿನಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್ ಯಾವ ಯಾವ ಮನೆಗಳಲ್ಲಿದೆ ಎಂದು ಗುರುತು ಹಾಕುತ್ತ ಬಂದರು. ಒಂದೊಂದು ಮನೆಯ ಕಥೆ ಸೇರಿ ನಕ್ಷೆಯಾಯಿತು. ಹೆಲಿಕಾಪ್ಟರ್ ಸಿಂಪಡಣೆ 2000ದಲ್ಲಿ ನಿಂತಿತು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಹೇಳಿತು.

ಈ ನಡುವೆ ಆ ಮಕ್ಕಳ ಫೋಟೋಗಳು ದೇಶವಿಡೀ ಓಡಾಡಿದವು. ಆದರೆ 2022ರ ಮೇ ತಿಂಗಳಲ್ಲಿ ಕೋರ್ಟು ಮತ್ತೆ ವಿಚಾರಿಸಿದಾಗ ತಿಳಿದದ್ದೇನು? 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಜನರಿಗೆ, ಅದೂ ಕೋರ್ಟಿಗೆ ಬಂದವರಿಗೆ ಮಾತ್ರ. ಫೋಟೋ ಜನರ ಕಣ್ಣಲ್ಲಿ ನೀರು ತಂದೀತು. ಖಜಾನೆಯಿಂದ ಹಣ ಹೊರಡಿಸಲು ಕೋರ್ಟಿಗೇ ಹೋಗಬೇಕಾಯಿತು.

‘ಹೊಟ್ಟೆನೋವು’ ಎಂಬ ಕಾರಣ

ಅನಂತಪುರದ ವಿಷಯಕ್ಕೆ ಬಂದರೆ ಪಿ. ಸಾಯಿನಾಥ್ ಅವರ ಬರಹಗಳನ್ನು ಬಿಡುವಂತಿಲ್ಲ. 2000ದ ದಶಕದ ಆರಂಭದಲ್ಲಿ ಈ ಜಿಲ್ಲೆಯ ರೈತರ ಆತ್ಮಹತ್ಯೆಗಳ ಬಗ್ಗೆ ಬರೆಯುವಾಗ ಅವರು ಸತ್ತವರ ಮನೆಗೂ ಹೋದರು, ದಾಖಲೆಗಳನ್ನೂ ನೋಡಿದರು. ಕ್ರಿಮಿನಾಶಕ ಕುಡಿದು ಸತ್ತವರ ಹೆಸರಿನ ಮುಂದೆ ಪೊಲೀಸ್ ದಾಖಲೆಯಲ್ಲಿ ‘ತಾಳಲಾರದ ಹೊಟ್ಟೆನೋವು’ ಎಂಬ ಕಾರಣ ಬರೆದಿರುವುದನ್ನು ಅವರು ಹೊರಗೆ ತಂದರು. ವಿಷ ಕುಡಿದರೆ ಹೊಟ್ಟೆ ನೋಯದೆ ಇರುತ್ತದೆಯೇ! ಮನೆಯ ಕಥೆ ಮಾತ್ರ ಕೇಳಿದ್ದರೆ ಅದು ಒಂದು ಸಂಸಾರದ ದುಃಖ, ದಾಖಲೆ ಮಾತ್ರ ನೋಡಿದ್ದರೆ ಅದು ಜಿಲ್ಲೆಗೆ ಬಂದ ವಿಚಿತ್ರ ಹೊಟ್ಟೆನೋವು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರಿಂದ ಸುಳ್ಳು ಗೊತ್ತಾಯಿತು.

ಹೆಸರು ಬದಲಿಸಿದರೆ ಸಾಕೇ?

ಕಥೆ ಕೊಟ್ಟವರ ಪಾಡು ಏನಾಗುತ್ತದೆ ಎಂಬುದು ಪತ್ರಿಕೆಗಳು ಬೇಗ ಮರೆಯುವ ವಿಷಯ. ಎಚ್‌ಐವಿ ಇರುವವರ ಒಪ್ಪಿಗೆಯಿಲ್ಲದೆ ಆ ವಿಷಯ ಬಯಲು ಮಾಡುವುದನ್ನು 2017ರ ಕಾಯ್ದೆ ತಡೆಯುತ್ತದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ವಿವರಗಳನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಿಡುವಂತಿಲ್ಲ ಎಂಬುದು ಪೋಕ್ಸೋ ಕಾಯ್ದೆ.

ಕಾನೂನಿಗೆ ಹೆದರಿ ಪತ್ರಿಕೆ ಹೆಸರು ಬದಲಿಸುತ್ತದೆ. ಆದರೆ ಮಡಕಶಿರದಂಥ ಊರಿನಲ್ಲಿ ‘ರೊಳ್ಳ ಮಂಡಲದ ಇಂಥ ಹಳ್ಳಿಯ ಲಾರಿ ಚಾಲಕನ ವಿಧವೆ, ಇಬ್ಬರು ಹೆಣ್ಣುಮಕ್ಕಳ ತಾಯಿ’ ಎಂದು ಬರೆದ ಮೇಲೆ ಹೆಸರು ಯಾರಿಗೆ ಬೇಕು? ಬೆಂಗಳೂರಿನ ಓದುಗನಿಗೆ ಅವಳು ಯಾರೋ. ಅವಳ ಮಗಳ ಮದುವೆಗೆ ವಿಚಾರಿಸಲು ಬರುವವರಿಗೆ ಅವಳು ಅವಳೇ. ಹೆಸರು ಉಳಿಸಿಕೊಂಡು ಹಳ್ಳಿ, ಕಸುಬು, ಮಕ್ಕಳ ಲೆಕ್ಕ ಬಿಟ್ಟರೂ ನೀತಿಯ ಮಾತು ಹೇಳಲು ಏನೂ ಕಡಿಮೆಯಾಗುವುದಿಲ್ಲ. ಎಆರ್‌ಟಿ ಮಾತ್ರೆಗೆ ಎಷ್ಟು ದೂರ ಹೋಗಬೇಕು, ಬಸ್ ಚಾರ್ಜ್ ಎಷ್ಟು, ಒಂದು ದಿನದ ಕೂಲಿ ಹೋಗುತ್ತದೆಯೇ ಎಂಬಷ್ಟು ಇದ್ದರೆ ಸಾಕು.

ಒಪ್ಪಿಗೆ ಎಂಬುದೂ ಗಡಿಯಲ್ಲಿ ಇನ್ನಷ್ಟು ತೊಡಕಿನದು. ಮನೆಯಲ್ಲಿ ಕನ್ನಡ ಆಡುವ, ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಓದಿ ಬಿಟ್ಟ ತಾಯಿಯ ಕಥೆ ತೆಲುಗು ಪತ್ರಿಕೆಯಲ್ಲಿ ಬರುತ್ತದೆ. ಟಿವಿಯವರು ಸಹಿ ಹಾಕಿಸಿಕೊಳ್ಳುವ ಕಾಗದ ಇಂಗ್ಲಿಷಿನಲ್ಲಿರುತ್ತದೆ. ತನ್ನ ಬಗ್ಗೆ ಏನು ಬಂತು ಎಂಬುದನ್ನು ಅವಳು ಪಕ್ಕದ ಮನೆಯವರಿಂದ ಓದಿಸಿ ತಿಳಿಯಬೇಕು, ಅಂದರೆ ಯಾರಿಗೆ ತಿಳಿಯಬಾರದಿತ್ತೋ ಅವರಿಂದಲೇ. ಅಚ್ಚಿಗೆ ಹೋಗುವ ಮೊದಲು ವರದಿಗಾರ ಫೋನ್ ಮಾಡಿ, ಬರೆದದ್ದನ್ನು ಅವಳ ಭಾಷೆಯಲ್ಲಿ ಓದಿ ಹೇಳಿದರೆ ಹತ್ತು ನಿಮಿಷ ಹಿಡಿಯುತ್ತದೆ. ಯಾವ ಊರು ಬಿಡಬೇಕು, ಯಾವ ಮಾತು ತೆಗೆಯಬೇಕು ಎಂದು ಅವಳೇ ಹೇಳುತ್ತಾಳೆ.